ಮೊದಲು ಮರ, ಆಮೇಲೆ ಮರುತ್

ಮದ್ದೂರು ಬಳಿಯ ಗೆಜ್ಜಲಗೆರೆ ಎಂದರೆ ಹಾಲಿನ ಡೇರಿ. ಹೊರಗಿನವರಿಗೆ ಊರಿನ ಗುರುತು ಹೇಳಲು ಬಹಳ ಕಾಲ ಅಷ್ಟೇ ಸಾಕಿತ್ತು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಗೆ ಪ್ರಧಾನಿ ಬಂದದ್ದು ಇಲ್ಲಿಗೇ ಆದ್ದರಿಂದ ಇನ್ನೊಂದು ಗುರುತೂ ಸೇರಿಕೊಂಡಿತು. ಆ ಹೊಸ ರಸ್ತೆ ಮದ್ದೂರು, ಚನ್ನಪಟ್ಟಣ, ರಾಮನಗರಗಳನ್ನು ಊರಾಚೆಯಿಂದಲೇ ಸುತ್ತಿಹಾಕಿ ಬೆಂಗಳೂರು ಸೇರುತ್ತದೆ. ಹಳೇ ರಸ್ತೆಯಲ್ಲಾದರೆ ಮದ್ದೂರಿನಲ್ಲಿ ವಡೆ ತಿಂದು, ಚನ್ನಪಟ್ಟಣದಲ್ಲಿ ಮಕ್ಕಳ ಹಟಕ್ಕೆ ಸೋತು ಬೊಂಬೆ ಅಂಗಡಿಯ ಮುಂದೆ ನಿಲ್ಲಲೇಬೇಕಿತ್ತು.

ಆ ಅಂಗಡಿಗಳಲ್ಲಿ ವಿಮಾನಗಳೂ ಸಿಗುತ್ತವೆ. ಆಲೆ ಮರದ ಬಿಳಿ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುವಾಗಲೇ ಉಳಿ ಹಿಡಿದು ಒಡಲನ್ನು ತೆಗೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ತಾಳೆಗರಿಯಿಂದ ತೀಡಿದರೆ ಹೊಳಪು. ಒಡಲು ಲೇತಿನಲ್ಲಿ ಸುಲಭವಾಗಿ ಬರುತ್ತದೆ, ರೆಕ್ಕೆ ಬರುವುದಿಲ್ಲ. ಲೇತು ಕೊಡುವುದು ದುಂಡನೆಯದನ್ನು ಮಾತ್ರ. ಹಾಗಾಗಿ ರೆಕ್ಕೆಗೆ ಬೇರೆ ಹಲಗೆ ಕೊಯ್ದು, ಅಂಚು ಉಜ್ಜಿ, ಅಂಟಿಸಬೇಕು. ಬೊಂಬೆ ಎಲ್ಲೋ ಬಿದ್ದರೆ ಮೊದಲು ಕೀಳುವುದೂ ಅದೇ ಅಂಟು.

ಮರದ ವಿಮಾನ ಬೇಕೆನ್ನುವವರು ಮಕ್ಕಳಷ್ಟೇ ಅಲ್ಲ. ಅಮೆರಿಕದ ನೌಕಾಪಡೆಯಲ್ಲಿ ಎಲೆಕ್ಟ್ರಾನಿಕ್ ಯುದ್ಧದ ಸ್ಕ್ವಾಡ್ರನ್‌ಗಳಿವೆ. ಬಾಂಬು ಹಾಕುವುದಕ್ಕಿಂತ ವೈರಿಯ ರಾಡಾರ್ ಕಣ್ಣಿಗೆ ಮಣ್ಣೆರಚುವುದು ಅವುಗಳ ಮುಖ್ಯ ಕೆಲಸ. ಅಲ್ಲಿ ದುಡಿದು ನಿವೃತ್ತರಾದವರು ತಾವು ಹಾರಿಸಿದ ಪ್ರೌಲರ್ ವಿಮಾನದ ಮಾದರಿಯನ್ನು ಮಹಾಗನಿ ಮರದಲ್ಲಿ ಕೈಯಿಂದ ಕೆತ್ತಿಸಿ ಮೇಜಿನ ಮೇಲೆ ಇಟ್ಟುಕೊಳ್ಳುತ್ತಾರೆ. ಬಾಲದ ಮೇಲೆ ಸ್ಕ್ವಾಡ್ರನ್ನಿನ ಲಾಂಛನ, ರೆಕ್ಕೆಯ ಕೆಳಗೆ ರಾಡಾರ್ ಕೆಡಿಸುವ ಪೆಟ್ಟಿಗೆಗಳು, ಎಲ್ಲವೂ ಮರದಲ್ಲೇ. ಎಲ್ಲ ಮುಗಿದ ಮೇಲೆ, ನೆನಪಿಗೆಂದು ಮಾಡಿಸುವ ಮರದ ವಿಮಾನ ಅದು.

ಚನ್ನಪಟ್ಟಣದಿಂದ ಅರವತ್ತು ಚಿಲ್ಲರೆ ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಇದರ ತದ್ವಿರುದ್ಧದ ಕತೆ ನಡೆದಿದೆ. ಅಲ್ಲಿ ಮರದ ಮಾದರಿ ಮೊದಲು ಬಂತು, ಲೋಹದ ವಿಮಾನ ಆಮೇಲೆ. ಆ ಮಾದರಿ ಮೇಜಿನ ಮೇಲಿಡುವಂಥದ್ದಲ್ಲ. ಯುದ್ಧವಿಮಾನದ ಪೂರ್ತಿ ಅಳತೆಯದು, ಒಳಗೆ ಮನುಷ್ಯರು ಕೂತು ಆಕಾಶದಲ್ಲಿ ಹಾರಿಸಿದ್ದು. ಹೆಸರು ಎಕ್ಸ್-241.

ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂದದ್ದು ಹೇಗೆ ಎಂಬಲ್ಲಿಂದ ಶುರುಮಾಡಬೇಕು. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ, ವಿಲಿಯಂ ಪಾಲಿ ಎಂಬ ಅಮೆರಿಕನ್ ವ್ಯಾಪಾರಿಯನ್ನು 1939ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಭೇಟಿಯಾದರು. ಪಾಲಿ ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದವನು. ಭಾರತದಲ್ಲೂ ಒಂದು ಏಕಾಗಬಾರದು ಎಂಬ ಮಾತು ಎದ್ದಿತು. ಬ್ರಿಟಿಷರು ಮೀನಮೇಷ ಎಣಿಸುತ್ತಿದ್ದಾಗ ಮೈಸೂರು ಸಂಸ್ಥಾನದ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಎರಡೂ ಕೈ ಚಾಚಿದರು. ಸಂಸ್ಥಾನ ಜಮೀನು ಕೊಟ್ಟಿತು, 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ, 1905ರಲ್ಲಿ ಬೆಂಗಳೂರಿಗೂ ವಿದ್ಯುತ್ ಹರಿಸಿದ್ದ ಸಂಸ್ಥಾನ ಅದು. ಕಾರ್ಖಾನೆ ನಡೆಸಲು ಬೇಕಾದ ಕರೆಂಟು, ಟಾಟಾ ವಿಜ್ಞಾನ ಸಂಸ್ಥೆಯಂಥ ವಿದ್ಯೆಯ ಮನೆ, ಎರಡೂ ಇಲ್ಲಿದ್ದವು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಮುಂದೆ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಆದದ್ದು, ನಾವೆಲ್ಲ ಎಚ್‌ಎಎಲ್ ಎನ್ನುವುದು ಇದನ್ನೇ.

ಮರದ ಕೆಲಸ ಆ ಕಾರ್ಖಾನೆಗೆ ಹೊಸದಾಗಿರಲಿಲ್ಲ. ಸ್ವಾತಂತ್ರ್ಯದ ನಂತರ ಇಲ್ಲಿ ಪರವಾನಗಿ ಪಡೆದು ತಯಾರಿಸಿದ ವ್ಯಾಂಪೈರ್ ಜೆಟ್ ಯುದ್ಧವಿಮಾನದಲ್ಲೂ ಪೈಲಟ್ ಕೂರುವ ಮುಂದಿನ ಒಡಲು ಮರದ್ದೇ. ಪ್ಲೈವುಡ್ಡಿನ ಎರಡು ಪದರದ ನಡುವೆ ಹಗುರವಾದ ಬಾಲ್ಸಾ ಮರ ಇಟ್ಟು ಅಂಟಿಸಿದ ರಚನೆ ಅದು. ಜೆಟ್ ವಿಮಾನಕ್ಕೆ ಮರವೇ ಎಂದು ಈಗ ಹುಬ್ಬೇರಿಸಬಹುದು. ಆಗಿನವರಿಗೆ ಅದರಲ್ಲಿ ಅಚ್ಚರಿ ಇರಲಿಲ್ಲ.

ವಿ. ಎಂ. ಘಾಟಗೆಯವರ ಬಳಗ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತ್ತು. ಪೈಲಟ್‌ಗಳಿಗೆ ಅಕ್ಷರಾಭ್ಯಾಸ ಮಾಡಿಸುವ ವಿಮಾನ ಅದು. ಅಲ್ಲಿಂದ ಒಂದೇ ನೆಗೆತಕ್ಕೆ ಶಬ್ದದ ವೇಗದ ಇಮ್ಮಡಿ ವೇಗದಲ್ಲಿ ಹಾರುವ ಯುದ್ಧವಿಮಾನವನ್ನು ನಾವೇ ಮಾಡಬೇಕೆಂದು ವಾಯುಪಡೆ, ಸರ್ಕಾರ ಎರಡೂ ಹೊರಟವು. ವಾಯುಪಡೆಯ ಬೇಡಿಕೆಯ ಪಟ್ಟಿ ಮದುವೆ ಮನೆಯ ಸಾಮಾನಿನ ಪಟ್ಟಿಯಂತಿತ್ತು. ಮ್ಯಾಕ್ 2, ಅಂದರೆ ಆ ಇಮ್ಮಡಿ ವೇಗ ಬೇಕು, 60,000 ಅಡಿ ಎತ್ತರಕ್ಕೆ ಏರಬೇಕು, 500 ಮೈಲಿ ದೂರ ಹೋಗಿ ಹೊಡೆದು ಬರಬೇಕು. ಎತ್ತರದಲ್ಲಿ ವೈರಿ ವಿಮಾನವನ್ನೂ ತಡೆಯಬೇಕು, ತಗ್ಗಿನಲ್ಲಿ ಹಾರಿ ನೆಲದ ಗುರಿಯನ್ನೂ ಹೊಡೆಯಬೇಕು. ಅದೇ ವಿನ್ಯಾಸ ತರಬೇತಿಗೂ ಒಗ್ಗಬೇಕು, ಸಾಲದೆಂಬಂತೆ ಹಡಗಿನ ಮೇಲಿಂದ ಹಾರುವ ನೌಕಾಪಡೆಯ ವಿಮಾನವಾಗಿಯೂ ಬದಲಾಗಬೇಕು. ಕೊನೆಯದಂತೂ ಕಾಗದದಲ್ಲೇ ಉಳಿಯಿತು.

ಇದಕ್ಕೆ ನೆಹರೂ ಸರ್ಕಾರ ಕರೆಸಿಕೊಂಡದ್ದು ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನು. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ನಿದ್ದೆಗೆಡಿಸಿದ ಫೋಕೆ-ವುಲ್ಫ್ 190 ಯುದ್ಧವಿಮಾನ ಇವರ ವಿನ್ಯಾಸ. ತಾವು ವಿನ್ಯಾಸ ಮಾಡಿದ್ದನ್ನು ತಾವೇ ಹಾರಿಸಿ ನೋಡುವ ಜಾಯಮಾನ. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿನ ಅಧ್ಯಕ್ಷ ಪೆರೋನ್‌ಗೆ ಪುಲ್ಕಿ-2 ಎಂಬ ಜೆಟ್ ಮಾಡಿಕೊಟ್ಟರು. 1955ರಲ್ಲಿ ಪೆರೋನ್ ಅಧಿಕಾರ ಕಳೆದುಕೊಂಡಾಗ ಟ್ಯಾಂಕ್ ಬಳಗ ಚದುರಿತು. ಅವರಲ್ಲಿ ಹಲವರನ್ನು ಜತೆಗೂಡಿಸಿಕೊಂಡು 1956ರ ಆಗಸ್ಟಿನಲ್ಲಿ ಟ್ಯಾಂಕ್ ಬೆಂಗಳೂರಿಗೆ ಬಂದರು.

ಟ್ಯಾಂಕ್ ಅವರಿಗೆ ಮರದ ವಿಮಾನದ ಕಹಿ ಅನುಭವವೂ ಇತ್ತು. ಬ್ರಿಟಿಷರ ಮರದ ವಿಮಾನ ಮಾಸ್ಕಿಟೋಗೆ ಸವಾಲಾಗಿ 1943ರಲ್ಲಿ ಅವರು ಟಿಎ-154 ಎಂಬ ರಾತ್ರಿ ಯುದ್ಧವಿಮಾನ ಮಾಡಿದ್ದರು. ಅದೂ ಬಹುಪಾಲು ಮರದ್ದೇ. ಅದರ ವಿಶೇಷ ಅಂಟು ತಯಾರಾಗುತ್ತಿದ್ದದ್ದು ವುಪರ್‌ಟಾಲ್ ಎಂಬ ಊರಿನಲ್ಲಿ. ಬ್ರಿಟಿಷರ ಬಾಂಬಿಗೆ ಆ ಕಾರ್ಖಾನೆ ನೆಲಸಮವಾಯಿತು. ಬದಲಿಗೆ ತಂದ ಅಂಟು ಮರವನ್ನೇ ತಿಂದುಹಾಕಿತು. 1944ರಲ್ಲಿ ವಿಮಾನಗಳು ಆಕಾಶದಲ್ಲೇ ಬಿಚ್ಚಿಕೊಂಡು ಬಿದ್ದವು, ಯೋಜನೆ ಅಲ್ಲಿಗೇ ನಿಂತಿತು. ಚನ್ನಪಟ್ಟಣದ ಬೊಂಬೆ ತಂದ ಮಗುವಿಗೂ ಗೊತ್ತಿರುವ ಸತ್ಯ, ಕೈಕೊಡುವುದು ಅಂಟು. ಇಂಥ ಪೆಟ್ಟು ತಿಂದ ಮನುಷ್ಯ ಹದಿನೈದು ವರ್ಷದ ಮೇಲೆ ಮತ್ತೆ ಮರವನ್ನೇ ನಂಬಿದರಲ್ಲ, ನನಗೆ ಈ ಇಡೀ ಕತೆಯಲ್ಲಿ ಬಹಳ ಹಿಡಿಸಿದ್ದು ಅದು.

ನಂಬಲು ಕಾರಣವಿತ್ತು. ಟ್ಯಾಂಕ್ ಬಂದಾಗ ಇಲ್ಲಿ ವಿನ್ಯಾಸ ವಿಭಾಗದಲ್ಲಿದ್ದ ಹಿರಿಯ ಎಂಜಿನಿಯರ್‌ಗಳು ಬೆರಳೆಣಿಕೆಯ ಜನ. ಯುದ್ಧವಿಮಾನವೊಂದನ್ನು ಪರೀಕ್ಷಿಸಲು ಬೇಕಾದ ಪ್ರಯೋಗಶಾಲೆ, ಸಲಕರಣೆಗಳನ್ನು ಇನ್ನು ಮೇಲೆ ಕಟ್ಟಬೇಕಿತ್ತು. ಹಿಂದಕ್ಕೆ ಬಾಗಿದ ರೆಕ್ಕೆಯ ವಿಮಾನ ವೇಗದಲ್ಲಿ ಚೆನ್ನಾಗಿ ಹಾರುತ್ತದೆ, ನಿಧಾನವಾದಾಗಲೇ ಅದರ ರಗಳೆ. ಇಳಿಯುವಾಗ ಮೂಗು ಎತ್ತಿದರೆ ರೆಕ್ಕೆಯ ತುದಿಯಲ್ಲಿ ಗಾಳಿ ಹಿಡಿತ ತಪ್ಪಿ ವಿಮಾನ ಹೊರಳಿಬಿಡಬಹುದು. ಮೊದಲ ಜೆಟ್ ಹಾರಾಟದಲ್ಲೇ ಇದು ಗೊತ್ತಾದರೆ ವಿಮಾನ, ಪೈಲಟ್ ಇಬ್ಬರೂ ಉಳಿಯುವುದಿಲ್ಲ. ಹಾಗಾಗಿ ಹುಟ್ಟಬೇಕಾದ ವಿಮಾನದ ಅಳತೆ, ರೆಕ್ಕೆಯ ಆಕಾರ, ಹಿಡಿಕೆ-ಪೆಡಲುಗಳ ವ್ಯವಸ್ಥೆ ಎಲ್ಲವನ್ನೂ ಹಾಗೆಹಾಗೇ ಮರದಲ್ಲಿ ಕಟ್ಟಿ, ಎಂಜಿನ್ ಇಲ್ಲದೆ ಹಾರಿಸಿ ನೋಡುವುದೆಂದು ತೀರ್ಮಾನಿಸಿದರು. ಎಂಜಿನ್ ಇಲ್ಲದೆ ತೇಲುವ ವಿಮಾನಕ್ಕೆ ಗ್ಲೈಡರ್ ಎನ್ನುತ್ತಾರೆ. ಈ ಗ್ಲೈಡರ್, ಅಂದರೆ ಎಕ್ಸ್-241, ಬರೀ ಬೊಂಬೆಯಾಗಿರಲಿಲ್ಲ. ಒಳಕ್ಕೆ ಮಡಚಿಕೊಳ್ಳುವ ಚಕ್ರಗಳು, ರೆಕ್ಕೆಯ ಹಿಂದೆ ಇಳಿಯುವ ಫ್ಲ್ಯಾಪುಗಳು, ಗಾಳಿಗೆ ಅಡ್ಡ ಬಿಚ್ಚುವ ಬ್ರೇಕುಗಳು ಎಲ್ಲವೂ ಇದ್ದವು. ಒಬ್ಬರ ಹಿಂದೆ ಒಬ್ಬರು ಇಬ್ಬರು ಕೂರುವ ಜಾಗವಿತ್ತು.

ಮರದಲ್ಲಿ ವಿಮಾನ ಕಟ್ಟುವುದೆಂದರೆ ಬಾಗಿಲು ಕಿಟಕಿ ಮಾಡಿದಂತಲ್ಲ. ರೆಕ್ಕೆಯ ಉದ್ದಕ್ಕೂ ಒಂದು ತೊಲೆ, ಅದಕ್ಕೆ ಅಡ್ಡಡ್ಡವಾಗಿ ಪಕ್ಕೆಲುಬಿನಂಥ ಪಟ್ಟಿಗಳು, ಮೇಲೆ ತೆಳು ಪ್ಲೈವುಡ್ಡಿನ ಹೊದಿಕೆ. ಪ್ರತಿ ಪಟ್ಟಿಯ ಮೇಲಂಚೂ ವಿನ್ಯಾಸಕ ಗೆರೆ ಎಳೆದ ಬಾಗಿಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಕೂರಬೇಕು. ಬಾಗು ತಪ್ಪಿದರೆ ಆ ರೆಕ್ಕೆ ಹೇಳುವುದು ಇನ್ನಾವುದೋ ವಿಮಾನದ ಕತೆ. ಮರಕ್ಕೆ ಗಂಟು ಇರಬಾರದು, ಎಳೆ ನೇರ ಇರಬೇಕು, ತೇವ ಹೆಚ್ಚಿರಬಾರದು. ಅಂಟು ಹಚ್ಚಿ, ಬಿಗಿ ಹಾಕಿ, ಒಣಗುವವರೆಗೆ ಕಾಯಬೇಕು. ಅವಸರ ಮಾಡಿದರೆ ಟಿಎ-154ರ ಗತಿ. ಬೆಂಗಳೂರಿನಲ್ಲಿ ಈ ಕೆಲಸ ಮಾಡಿದ್ದು ಎಚ್‌ಎಎಲ್‌ನ ಕಾರ್ಮಿಕರ ಕೈಗಳು. ಈ ಯುದ್ಧವಿಮಾನದ ಬಗ್ಗೆ ಬರೆಯುವವರು ಟ್ಯಾಂಕ್ ಹೆಸರು ಬಿಡುವುದಿಲ್ಲ, ಪೈಲಟ್‌ಗಳ ಹೆಸರೂ ಬಿಡುವುದಿಲ್ಲ. ಉಳಿ ಹಿಡಿದವರ ಸುದ್ದಿಗೆ ಬಂದಾಗ ಎಲ್ಲರ ಮಸಿಯೂ ಒಣಗುತ್ತದೆ.

1959ರ ಬೇಸಿಗೆಯಲ್ಲಿ ಗ್ಲೈಡರ್ ಹಾರಾಟ ಶುರುವಾಯಿತು. ಡಕೋಟ ವಿಮಾನಕ್ಕೆ ಹಗ್ಗ ಕಟ್ಟಿ, ಹಿಂದೆ ಗ್ಲೈಡರ್ ಎಳೆಸಿಕೊಂಡು ಏರಬೇಕು. ಬೇಕಾದ ಎತ್ತರ ಮುಟ್ಟಿದ ಮೇಲೆ ಪೈಲಟ್ ಹಗ್ಗ ಕಳಚುತ್ತಾರೆ. ಸಾಧಾರಣ ಗ್ಲೈಡರ್‌ಗಳಿಗೆ ಗರುಡನಂಥ ಉದ್ದ ರೆಕ್ಕೆ, ಅವು ಗಂಟೆಗಟ್ಟಲೆ ತೇಲಬಲ್ಲವು. ಇದಕ್ಕೆ ಇದ್ದದ್ದು ಯುದ್ಧವಿಮಾನದ ಮೋಟು ರೆಕ್ಕೆ. ಒಡಲು ಸುಮಾರು 16 ಮೀಟರ್ ಉದ್ದ, ರೆಕ್ಕೆ ತುದಿಯಿಂದ ತುದಿಗೆ 9 ಮೀಟರ್ ಮಾತ್ರ. ಹಗ್ಗ ಕಳಚಿದ ಕ್ಷಣದಿಂದ ನೆಲ ಮೇಲೆದ್ದು ಬಂದಂತೆ ಕಾಣುತ್ತದೆ. ಇರುವ ಕೆಲವೇ ನಿಮಿಷಗಳಲ್ಲಿ ವಿಮಾನವನ್ನು ನಿಧಾನಿಸಿ, ತಿರುಗಿಸಿ, ಮೂಗೆತ್ತಿ ನೋಡಿ, ಲೆಕ್ಕ ಬರೆದುಕೊಂಡು ಇಳಿಯಬೇಕು. ಎಂಜಿನ್ ಇದ್ದರೆ ರನ್‌ವೇ ತಪ್ಪಿದಾಗ ಇನ್ನೊಂದು ಸುತ್ತು ಹಾಕಬಹುದು. ಇಲ್ಲಿ ಇನ್ನೊಂದು ಸುತ್ತು ಎಂಬುದೇ ಇಲ್ಲ. ಇದನ್ನು ಹಾರಿಸಿದವರಲ್ಲಿ ವಾಯುಪಡೆಯ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ ಒಬ್ಬರು. ಒಟ್ಟು ಎಪ್ಪತ್ತಕ್ಕೂ ಹೆಚ್ಚು ಸಲ ಈ ಮರದ ವಿಮಾನ ಏರಿ ಇಳಿಯಿತು.

ಅಷ್ಟು ಹೊತ್ತಿಗೆ ಲೋಹದ ವಿಮಾನವೂ ರೂಪುಗೊಳ್ಳುತ್ತಿತ್ತು. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಆ ವಿಮಾನವನ್ನು, ಅಂದರೆ ಮೊದಲ ಎಚ್‌ಎಫ್-24 ಅನ್ನು, ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ವೇದದ ಗಾಳಿದೇವತೆಗಳ ಹೆಸರನ್ನು ಹೊತ್ತು ಅದು ಮರುತ್ ಆಯಿತು. ಟ್ಯಾಂಕ್ ಬಂದು ಐದು ವರ್ಷವೂ ತುಂಬಿರಲಿಲ್ಲ. ಪರೀಕ್ಷಾಶಾಲೆಯನ್ನೇ ಕಟ್ಟಿಕೊಳ್ಳುತ್ತಾ ವಿಮಾನವನ್ನೂ ಮಾಡಿದ ದೇಶಕ್ಕೆ ಅದು ಸಣ್ಣ ಸಾಧನೆಯಲ್ಲ.

ಕತೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮರದ ವಿಮಾನಕ್ಕೆ ಇಲ್ಲದ ಒಂದು ಭಾಗ ಮರುತ್‌ಗೆ ಬೇಕಿತ್ತು, ಅದೇ ಎಂಜಿನ್. ಟ್ಯಾಂಕ್ ಲೆಕ್ಕ ಹಾಕಿದ್ದು ಬ್ರಿಟನ್ನಿನ ಆರ್ಫಿಯಸ್ ಬಿಓಆರ್-12 ಎಂಬ, ಬಾಲದಲ್ಲಿ ಮತ್ತೆ ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಎಂಜಿನ್ ಮೇಲೆ. ಬ್ರಿಟಿಷರು ಅದರ ಅಭಿವೃದ್ಧಿಯನ್ನು ಕೈಬಿಟ್ಟರು. ಬೇಕಿದ್ದರೆ ಖರ್ಚು ನೀವೇ ಕೊಡಿ ಎಂದರು. ದಿಲ್ಲಿ ಕೊಡಲಿಲ್ಲ. ಕೊನೆಗೆ ನ್ಯಾಟ್ ಎಂಬ ಪುಟ್ಟ ವಿಮಾನದ ಎಂಜಿನ್ನಿನ ಬಳಗದ್ದೇ ಆದ ಆರ್ಫಿಯಸ್-703 ಎಂಜಿನ್ನುಗಳನ್ನೇ ಎರಡೆರಡು ಕೂರಿಸಿದರು. ಮ್ಯಾಕ್ 2ಕ್ಕೆ ಹುಟ್ಟಿದ ದೇಹ ನೇರ ಹಾರಾಟದಲ್ಲಿ ಶಬ್ದದ ವೇಗದ ಗಡಿಯಲ್ಲೇ ಏದುಸಿರು ಬಿಟ್ಟಿತು.

ಎಂಜಿನ್ನಿಗಾಗಿ ಅಲೆದದ್ದೇ ಒಂದು ಪುರಾಣ. ರಷ್ಯಾದ ಎಂಜಿನ್ ನೋಡಿದರು, ಹೊಂದಲಿಲ್ಲ. ಈಜಿಪ್ಟ್‌ನಲ್ಲಿ ನಾಸೆರ್ ಸರ್ಕಾರ ಆಸ್ಟ್ರಿಯಾದ ಬ್ರಾಂಡ್ನರ್ ಎಂಬವರಿಂದ ಇ-300 ಎಂಬ ಎಂಜಿನ್ ಮಾಡಿಸುತ್ತಿತ್ತು. ನಮ್ಮದು ಎಂಜಿನ್ ಇಲ್ಲದ ವಿಮಾನ, ಅವರದು ಹಾರಿಸಿ ನೋಡಲು ವಿಮಾನ ಬೇಕಾದ ಎಂಜಿನ್. ಕುಂಟ-ಕುರುಡರ ಜೋಡಿಯಂತೆ ಎರಡು ದೇಶಗಳೂ ಕೈಜೋಡಿಸಿದವು. ಒಂದು ಮರುತ್ ಈಜಿಪ್ಟ್‌ಗೆ ಹೋಗಿ, 1967ರಲ್ಲಿ ಒಂದು ಬದಿಗೆ ಆ ಎಂಜಿನ್ ಹೊತ್ತು ಹಾರಿತು. ಬೆಂಗಳೂರಿನ ಗ್ಲೈಡರ್ ಹಾರಿಸಿದ್ದ ಕಪಿಲ್ ಭಾರ್ಗವರೇ 1964ರ ಮಾರ್ಚ್ 7ರಂದು ಈಜಿಪ್ಟ್‌ನ ಎಚ್‌ಎ-300 ಯುದ್ಧವಿಮಾನದ ಮೊದಲ ಹಾರಾಟವನ್ನೂ ನಡೆಸಿಕೊಟ್ಟಿದ್ದರು. 1967ರ ಅರಬ್–ಇಸ್ರೇಲ್ ಯುದ್ಧದಲ್ಲಿ ಈಜಿಪ್ಟ್ ಸೋತು ಸುಣ್ಣವಾಯಿತು. 1969ರಲ್ಲಿ ಆ ಯೋಜನೆ ಮುಚ್ಚಿತು. ಟ್ಯಾಂಕ್ ಅಷ್ಟರಲ್ಲಿ ಬೆಂಗಳೂರು ಬಿಟ್ಟು ಜರ್ಮನಿಗೆ ಮರಳಿದ್ದರು.

ತಪ್ಪು ಯಾರದು ಎಂಬ ಜಗಳ ಇನ್ನೂ ಮುಗಿದಿಲ್ಲ. ಬಿಓಆರ್-12ಕ್ಕೆ ಹಣ ಕೊಡದೆ ಕಾಸಿಗೆ ಕೈ ಬಿಗಿಹಿಡಿದ ದಿಲ್ಲಿಯದೇ ತಪ್ಪು ಎನ್ನುವವರು ಒಂದು ಕಡೆ. ವಿಮಾನದ ಹಿಂಬದಿಯ ವಿನ್ಯಾಸವೇ ಗಾಳಿಯನ್ನು ಹೆಚ್ಚು ತಡೆಯುತ್ತಿತ್ತು, ಒಳ್ಳೇ ಎಂಜಿನ್ ಸಿಕ್ಕಿದ್ದರೂ ಮ್ಯಾಕ್ 2 ಕನಸೇ ಎನ್ನುವವರು ಇನ್ನೊಂದು ಕಡೆ. 1962ರಲ್ಲಿ ಮಿಗ್-21 ಯುದ್ಧವಿಮಾನ ಬರುವುದು ಖಚಿತವಾದ ಮೇಲೆ ವಾಯುಪಡೆಗೇ ಇದರ ಮೇಲಿನ ಮನಸ್ಸು ಹೋಯಿತು ಎಂಬುದು ಮೂರನೆಯ ವಾದ. ಮೂರರಲ್ಲೂ ಹುರುಳಿದೆ. ಆದರೂ ನನ್ನ ಮಟ್ಟಿಗೆ ಮೊದಲ ತಪ್ಪು ಸರಳ. ಇನ್ನೂ ಹುಟ್ಟದ ಪರದೇಶಿ ಎಂಜಿನ್ ನೆಚ್ಚಿಕೊಂಡು ವಿಮಾನ ಕಟ್ಟಲು ಕೂತದ್ದು, ಹೆಣ್ಣು ಗೊತ್ತಾಗುವ ಮೊದಲೇ ಲಗ್ನಪತ್ರಿಕೆ ಹಂಚಿದಂತೆ. ಇಡೀ ಯೋಜನೆಯಲ್ಲಿ ಅಂದುಕೊಂಡ ಕೆಲಸವನ್ನು ಪೂರ್ತಿ ಮಾಡಿ ಮುಗಿಸಿದ ವಿಮಾನ ಒಂದೇ, ಆ ಗ್ಲೈಡರ್. ಅದಕ್ಕೆ ಬೇಕಾದ ಮರಗೆಲಸ, ಲೆಕ್ಕ, ಎದೆಗಾರಿಕೆ ಎಲ್ಲ ಇಲ್ಲೇ ಇದ್ದವು.

ಮರುತ್‌ನ ಕತೆ ಬರೀ ಸೋಲಿನದಲ್ಲ, ಅದನ್ನೂ ಹೇಳಬೇಕು. 1967ರಿಂದ ವಾಯುಪಡೆಗೆ ಸೇರತೊಡಗಿತು. ಇಬ್ಬರು ಕೂರುವ 18 ತರಬೇತಿ ವಿಮಾನಗಳೂ ಸೇರಿ ಒಟ್ಟು 147 ತಯಾರಾದವು. 1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ರಾಜಸ್ಥಾನ–ಸಿಂಧ್ ಗಡಿಯಲ್ಲಿ ಎರಡು ವಾರಗಳಲ್ಲಿ 300ಕ್ಕೂ ಹೆಚ್ಚು ಸಲ ದಾಳಿಗೆ ಹೋಗಿಬಂದವು. ವಾಯುಕಾಳಗದಲ್ಲಿ ಒಂದೂ ಬೀಳಲಿಲ್ಲ. ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ. ಕೆ. ಬಕ್ಷಿ ಪಾಕಿಸ್ತಾನದ ಸೇಬರ್ ವಿಮಾನವೊಂದನ್ನು ಮರುತ್‌ನಿಂದ ಹೊಡೆದುರುಳಿಸಿದರು. ನೆಲದಿಂದ ಹಾರಿದ ಗುಂಡಿಗೆ ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲೇ ವಾಪಸು ಬಂದ ವಿಮಾನಗಳಿವೆ. ಬೇಡವೆಂದುಕೊಂಡ ಪುಟ್ಟ ಎಂಜಿನ್ನಿನ ಜೋಡಿ ಜೀವ ಉಳಿಸಿತ್ತು.

ಸುರಂಜನ್ ದಾಸ್ ಆ ಯುದ್ಧ ನೋಡಲಿಲ್ಲ. ನೂಕುಬಲ ಹೆಚ್ಚಿಸಿದ ಎಂಜಿನ್ನಿನ ಮರುತ್ ಒಂದನ್ನು ಪರೀಕ್ಷಿಸಲು 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಮೇಲೇರಿಸುವಾಗಲೇ ಅಪಘಾತವಾಗಿ ತೀರಿಕೊಂಡರು. ಹಳೇ ವಿಮಾನ ನಿಲ್ದಾಣದ ರಸ್ತೆಯಿಂದ ಹಳೇ ಮದ್ರಾಸ್ ರಸ್ತೆಗೆ ಹೋಗುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ.

ಮರುತ್ 1980ರ ದಶಕದಲ್ಲಿ ಸೇವೆಯಿಂದ ಸರಿಯಿತು. ಎಂಜಿನ್ನಿನ ಗೋಳು ಅಲ್ಲಿಗೆ ಮುಗಿಯಲಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಯುದ್ಧವಿಮಾನ ತೇಜಸ್ 2001ರ ಜನವರಿ 4ರಂದು ಮೊದಲ ಸಲ ಹಾರಿದ್ದು ಅಮೆರಿಕದ ಜಿಇ ಕಂಪನಿಯ ಎಫ್-404 ಎಂಜಿನ್ನಿನಿಂದ. ಅದಕ್ಕೆಂದೇ ಇಲ್ಲಿ ಶುರುಮಾಡಿದ ಕಾವೇರಿ ಎಂಜಿನ್ ತೇಜಸ್‌ಗೆ ಸಾಲಲಿಲ್ಲ. ಹಡಗಿನ ಮೇಲಿಂದ ಹಾರುವ ವಿಮಾನ ಬೇಕೆಂಬ 1950ರ ದಶಕದ ಆ ಹಳೇ ಸಾಲು ಮಾತ್ರ ಕೊಂಚ ನಿಜವಾಯಿತು. ತೇಜಸ್‌ನ ನೌಕಾಪಡೆಯ ಮಾದರಿ 2020ರ ಜನವರಿಯಲ್ಲಿ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಇಳಿಯಿತು.

ಮರುತ್ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದಿದೆ. ಟ್ಯಾಂಕ್ ಅವರ ತಾಯ್ನಾಡಿನಲ್ಲಿ, ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್‌ನ ಮ್ಯೂಸಿಯಂನಲ್ಲೂ ಒಂದನ್ನು ಇಟ್ಟಿದ್ದಾರೆ. ಮುಂದಿನ ಸಲ ಮರುತ್ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವಾಗ, ಇದಕ್ಕೂ ಮೊದಲು ಇದೇ ಅಳತೆಯ ಮರದ ವಿಮಾನವೊಂದು ಹಾರಿತ್ತು ಎಂದು ಹೇಳಿ.

ಎಚ್‌ಎಎಲ್‌ನವರಲ್ಲಿ, ಚನ್ನಪಟ್ಟಣದ ಬೊಂಬೆ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಎಕ್ಸ್-241ರ ಮಾದರಿಯನ್ನು ಆಲೆ ಮರದಲ್ಲಿ ಮಾಡಿ. ಇಪ್ಪತ್ನಾಲ್ಕನೇ ಒಂದು ಅಳತೆಗೆ ಇಳಿಸಿದರೆ ಒಡಲು 66 ಸೆಂಟಿಮೀಟರ್, ರೆಕ್ಕೆ ಮೂವತ್ತೇಳೂವರೆ. ಲೇತಿಗೆ ಒಡಲು ಸಿಗುತ್ತದೆ, ರೆಕ್ಕೆಯನ್ನು ಕೈಯಲ್ಲೇ ಕೆತ್ತಬೇಕು. ಕೆಳಗಿನ ಚೀಟಿಯಲ್ಲಿ ಕುರ್ಟ್ ಟ್ಯಾಂಕ್ ಹೆಸರಿನ ಪಕ್ಕ ಎಚ್‌ಎಎಲ್‌ನ ಮರಗೆಲಸದವರು ಎಂದೂ ಬರೆಯಿರಿ. ಅಂಟು ಮಾತ್ರ ಒಳ್ಳೆಯದು ಹಾಕಿ.